ಗುಜ್ಜೆಗೆ ಹಣ ಹಾಕುವ ಮುನ್ನ: ಮಾಂಸದ ಅರ್ಧ ಪಾಲಿಗೆ ನಮ್ಮ ಹಿತ್ತಿಲ ಹಲಸು

ಕಾಸರಗೋಡು: ಆದಿತ್ಯವಾರ ಬೆಳಗ್ಗೆ ಕೋಳಿ ಅಂಗಡಿ ಎದುರು ಸಾಲು ನಿಲ್ಲುವ ನಮ್ಮ ಊರಿನಲ್ಲಿ 'ಮಾಂಸದ ಬದಲಿಗೆ ಹಲಸು' ಅಂದರೆ ನಗುವವರೇ ಜಾಸ್ತಿ. ಆದರೆ ಹೊರಗಿನ ಲೋಕ ನಗುತ್ತಿಲ್ಲ. 2019ರ ಆರಂಭದಲ್ಲಿ ಬ್ರಿಟನ್ನಿನ ಪಿಜ್ಜಾ ಹಟ್ ಮಳಿಗೆಗಳು ಮಾಂಸದ ಜಾಗದಲ್ಲಿ ಹಲಸು ಹಾಕಿದ ಪಿಜ್ಜಾ ಮಾರಿದವು. 2021ರ ಮೇ ತಿಂಗಳಲ್ಲಿ ಬೆಂಗಳೂರಿನಿಂದ ಜರ್ಮನಿಗೆ 10.20 ಟನ್ ಸಾವಯವ ಹಲಸಿನ ಉತ್ಪನ್ನಗಳು ಹಡಗು ಹತ್ತಿದವು. ಅದರಲ್ಲಿ ಹಲಸಿನ ಹುಡಿಯ ಜತೆ ಬೇಯಿಸಿ ಪ್ಯಾಕ್ ಮಾಡಿದ ಹಲಸಿನ ತುಂಡುಗಳೂ ಇದ್ದವು. ನೆರೆಯ ಗೋವಾದಲ್ಲಿ 2020ರಲ್ಲಿ ಶುರುವಾದ ವಕಾವ್ ಫುಡ್ಸ್ ಹಲಸಿನಿಂದಲೇ ಬರ್ಗರ್ ಪ್ಯಾಟಿ ಮಾಡಿ ಮಾರುಕಟ್ಟೆಗೆ ಬಿಟ್ಟಿತು.

ಇತ್ತ ನಮ್ಮ ಪರಿಸ್ಥಿತಿ ಏನು? ಮಂಜೇಶ್ವರದಿಂದ ಮುಳ್ಳೇರಿಯದ ತನಕ, ಪೈವಳಿಕೆಯಿಂದ ಪೆರ್ಲದ ತನಕ ಹಲಸಿನ ಮರವಿಲ್ಲದ ಹಿತ್ತಿಲು ಹುಡುಕುವುದೇ ಕಷ್ಟ. ಆದರೆ ಮರ ಹತ್ತುವವರಿಲ್ಲ, ಕೊಯ್ದರೆ ಕೂಲಿ ಹುಟ್ಟುವುದಿಲ್ಲ. ಮಳೆ ಹಿಡಿದ ಮೇಲೆ ಹಣ್ಣು ನೀರು ಕುಡಿದು ಸಪ್ಪೆಯಾಗಿ ಬುಡದಲ್ಲೇ ಬಿದ್ದು ಕೊಳೆಯುತ್ತದೆ. ಕೊನೆಗೆ ಒಂದು ದಿನ ಮರವೇ ನಾಟಾಕ್ಕೆ ಹೋಗುತ್ತದೆ. ಕೇರಳ ಸರಕಾರ 2018ರ ಮಾರ್ಚ್‌ನಲ್ಲಿ ಹಲಸನ್ನು ರಾಜ್ಯದ ಹಣ್ಣು ಎಂದು ಘೋಷಿಸಿದ ಮೇಲೂ ಈ ಚಿತ್ರ ಪೂರ್ತಿ ಬದಲಾಗಿಲ್ಲ.

ಹಾಗಾಗಿ 'ಹಲಸಿನ ಘಟಕ ಹಾಕೋಣವೇ?' ಎಂಬ ಪ್ರಶ್ನೆ ಈಗ ಸ್ವಸಹಾಯ ಸಂಘಗಳಲ್ಲಿ, ಗಲ್ಫ್‌ನಿಂದ ಮರಳಿದವರ ಮನೆಗಳಲ್ಲಿ, ರಬ್ಬರ್ ಮತ್ತು ಅಡಿಕೆಯ ಏರಿಳಿತದಿಂದ ಬೇಸತ್ತ ಕೃಷಿಕರಲ್ಲಿ ಎದ್ದಿದೆ. ಉತ್ತರ ಹೌದು ಎಂದೇ ಇರಬಹುದು. ಆದರೆ ಎಷ್ಟು ಹಣ, ಯಾವ ಹಂತದಲ್ಲಿ ಎನ್ನುವುದರ ಮೇಲೆ ಎಲ್ಲ ನಿಂತಿದೆ.

ಬಂಗಾಳಿಗಳ 'ಮರದ ಆಡು'

ಹಲಸಿನ ಬೆಳೆದ ಸೊಳೆ ಬೇರೆ, ಗುಜ್ಜೆ ಬೇರೆ. ಮಾಂಸದ ಜಾಗಕ್ಕೆ ಹೋಗುವುದು ಗುಜ್ಜೆ. ಬೇಳೆ ಗಟ್ಟಿಯಾಗುವ ಮೊದಲು, ಸಿಹಿ ಹುಟ್ಟುವ ಮೊದಲು ಕೊಯ್ದ ಎಳೆಕಾಯಿಯಲ್ಲಿ ಸೊಳೆಯೂ ನಾರೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬೇಯಿಸಿದರೆ ಅದು ಕರಗುವುದಿಲ್ಲ, ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಸ್ವಂತದ ರುಚಿ ಕಡಿಮೆ ಇರುವುದರಿಂದ ಹಾಕಿದ ಮಸಾಲೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಅಮೆರಿಕದವರು ಹಂದಿ ಮಾಂಸವನ್ನು ಎಳೆ ಬಿಡಿಸಿ ಬನ್ನಿನೊಳಗೆ ತುಂಬುವ ತಿಂಡಿಗೆ ಗುಜ್ಜೆಯನ್ನು ಬದಲಿಯಾಗಿ ಹಿಡಿದುಕೊಂಡದ್ದು ಇದೇ ಕಾರಣಕ್ಕೆ.

ಇದೇನೂ ಹೊಸ ಶೋಧವಲ್ಲ. ಬಂಗಾಳದಲ್ಲಿ ಗುಜ್ಜೆಗೆ 'ಗಾಛ್ ಪಾಠಾ', ಅಂದರೆ ಮರದ ಆಡು ಎಂದೇ ಹೆಸರು. ಉತ್ತರ ಭಾರತದಲ್ಲಿ ಕಟಹಲ್ ಬಿರಿಯಾನಿ ಮದುವೆ ಊಟದಲ್ಲಿ ಇರುತ್ತದೆ. ಕೇರಳದಿಂದ ಗುಜ್ಜೆ ತುಂಬಿದ ಲಾರಿಗಳು ಉತ್ತರಕ್ಕೆ ಹೋಗುವುದು ಅಲ್ಲಿನ ಈ ಬೇಡಿಕೆಯಿಂದಲೇ. ನಮ್ಮಲ್ಲಂತೂ ಗುಜ್ಜೆ ಪಲ್ಯ, ಗುಜ್ಜೆ ಕಡ್ಲೆ ಗಸಿ, ಕೊಂಕಣಿಗರ ಮನೆಯ ಕಡ್ಗಿ ಚಣೆ ಘಶಿ ಯಾರಿಗೆ ಗೊತ್ತಿಲ್ಲ? ಗೊತ್ತಿರುವ ಪದಾರ್ಥಕ್ಕೆ ಪೇಟೆಯ ಬೆಲೆ ತರುವುದು ಹೇಗೆ ಎನ್ನುವುದಷ್ಟೇ ಹೊಸತು.

ಈ ಮಾತನ್ನು ಬಹಳ ಹಿಂದೆಯೇ ಕನ್ನಡದಲ್ಲಿ ಎತ್ತಿದವರು ನಮ್ಮದೇ ಜಿಲ್ಲೆಯ ಪತ್ರಕರ್ತ ಶ್ರೀಪಡ್ರೆ. ಪುತ್ತೂರಿನಿಂದ ಹೊರಡುವ 'ಅಡಿಕೆ ಪತ್ರಿಕೆ' ಹಲಸಿನ ಬಗ್ಗೆ ಮುಖಪುಟ ಲೇಖನಗಳ ಸಾಲನ್ನೇ ಪ್ರಕಟಿಸಿದೆ. ಹಲಸು ಎಂದರೆ ಬಡವರ ಹೊಟ್ಟೆ ತುಂಬುವ ಕಾಯಿ ಎಂಬ ತಾತ್ಸಾರ ಕಡಿಮೆಯಾದದ್ದರಲ್ಲಿ ಈ ಬರಹಗಳ ಪಾಲು ದೊಡ್ಡದು.

ಮಾಂಸದ ಬದಲಿಯಲ್ಲ, ಅರ್ಧ ಬದಲಿ

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಗುಜ್ಜೆ ನೋಡಲು, ಕಚ್ಚಲು ಮಾಂಸದ ಹಾಗೆ. ಪೋಷಣೆಯಲ್ಲಿ ಹಾಗಲ್ಲ. 100 ಗ್ರಾಂ ಕೋಳಿ ಮಾಂಸದಲ್ಲಿ ಸುಮಾರು 20 ಗ್ರಾಂ ಪ್ರೊಟೀನ್ ಇದ್ದರೆ 100 ಗ್ರಾಂ ಗುಜ್ಜೆಯಲ್ಲಿ 2 ಗ್ರಾಂ ಆಸುಪಾಸು. ಒಣ ಕಡ್ಲೆಯಲ್ಲಿ ಸುಮಾರು 20 ಗ್ರಾಂ, ಅಂಗಡಿಯಲ್ಲಿ ಸಿಗುವ ಒಣ ಸೋಯಾ ತುಂಡಿನಲ್ಲಿ ಸುಮಾರು 52 ಗ್ರಾಂ. ಬಿ-12 ಜೀವಸತ್ವವಂತೂ ಗುಜ್ಜೆಯಲ್ಲಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿ 2020ರಲ್ಲಿ ಹೇಳಿದ ಪ್ರಕಾರ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 54 ಗ್ರಾಂ, 55 ಕಿಲೋ ತೂಕದ ಹೆಂಗಸಿಗೆ ಸುಮಾರು 46 ಗ್ರಾಂ ಪ್ರೊಟೀನ್ ಬೇಕು. ಗುಜ್ಜೆ ಒಂದನ್ನೇ ನಂಬಿ ಕೂತರೆ ಇದು ತುಂಬುವುದಿಲ್ಲ.

ಹಾಗಾದರೆ ಪ್ರಯೋಜನ ಏನು? ಮನೆಯ ಲೆಕ್ಕವನ್ನೇ ನೋಡಿ. ಒಂದು ಕಿಲೋ ಕೋಳಿ ಮಾಂಸ ಹಾಕುವಲ್ಲಿ ಅರ್ಧ ಕಿಲೋ ಕೋಳಿ, ಅರ್ಧ ಕಿಲೋ ಗುಜ್ಜೆ ಹಾಕಿದರೆ ಪ್ರೊಟೀನ್ 200 ಗ್ರಾಂನಿಂದ ಸುಮಾರು 110 ಗ್ರಾಂಗೆ ಇಳಿಯುತ್ತದೆ. ಅದಕ್ಕೇ 150 ಗ್ರಾಂ ಒಣ ಕಡ್ಲೆ ನೆನೆಸಿ ಸೇರಿಸಿದರೆ ಮತ್ತೆ 140 ಗ್ರಾಂ ಹತ್ತಿರ ಬರುತ್ತದೆ. ಪಾತ್ರೆ ತುಂಬಿತು, ನಾರಿನಂಶ ಹೆಚ್ಚಿತು, ಕೋಳಿಯ ಖರ್ಚು ಅರ್ಧಕ್ಕೆ ಇಳಿಯಿತು. ಹಿರಿಯರು ಗುಜ್ಜೆಗೆ ಕಡ್ಲೆ ಸೇರಿಸುತ್ತಿದ್ದುದು ರುಚಿಗೆ ಇರಬಹುದು, ಆದರೆ ಪೋಷಣೆಯ ಲೆಕ್ಕಕ್ಕೂ ಅದು ಸರಿಯಾಗಿಯೇ ಕೂತಿದೆ.

ಉದ್ಯಮಕ್ಕೂ ಪಾಠ ಇದೇ. ಗುಜ್ಜೆ ಕೊಡುವುದು ನಾರು ಮತ್ತು ಕಚ್ಚುವ ಹದ. ಪ್ರೊಟೀನಿಗೆ ಕಡ್ಲೆ, ಬಟಾಣಿ, ಸೋಯಾ ಬೇಕು. 'ಪ್ರೊಟೀನ್ ಭರಿತ ಹಲಸಿನ ಮಾಂಸ' ಎಂದು ಲೇಬಲ್ ಅಂಟಿಸಿ ಮಾರಿದರೆ ಗಿರಾಕಿ ಒಮ್ಮೆ ಕೊಂಡಾನು, ಎರಡನೇ ಸಲ ಹಿಂದಿನ ಪುಟದ ಪಟ್ಟಿ ಓದಿಯಾನು!

ಹಲಸಿನ ಹುಡಿಯ ಕತೆಯನ್ನೂ ಇದರ ಜತೆ ಬೆರೆಸಬಾರದು. ಜೇಮ್ಸ್ ಜೋಸೆಫ್ ಅವರ ಜ್ಯಾಕ್‌ಫ್ರೂಟ್ 365 ಸಂಸ್ಥೆ ಪ್ರಚಾರಕ್ಕೆ ತಂದದ್ದು ಬೆಳೆದ, ಆದರೆ ಹಣ್ಣಾಗದ ಹಲಸಿನ ಹುಡಿ. ಆಂಧ್ರದ ಶ್ರೀಕಾಕುಳಂ ವೈದ್ಯಕೀಯ ಕಾಲೇಜಿನಲ್ಲಿ 40 ಮಂದಿ ಮಧುಮೇಹಿಗಳ ಮೇಲೆ 12 ವಾರ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ 30 ಗ್ರಾಂ ಹುಡಿ ಬಳಸಿದವರ ಸಕ್ಕರೆ ಪ್ರಮಾಣ ಇಳಿದದ್ದು ಕಂಡುಬಂತು. ಅಲ್ಲಿ ಹುಡಿ ಕೂತದ್ದು ಅಕ್ಕಿ, ಗೋಧಿಯ ಜಾಗದಲ್ಲಿ, ಮಾಂಸದ ಜಾಗದಲ್ಲಿ ಅಲ್ಲ.

ಡಾಲರ್ ಏರಿತು, ಇಳಿಯಿತು

ಸಸ್ಯಜನ್ಯ ಮಾಂಸ ಎಂದರೆ ಹಣದ ಹೊಳೆ ಎಂದು ಯಾರಾದರೂ ಹೇಳಿದರೆ ಒಂದು ಕತೆ ನೆನಪಿಟ್ಟುಕೊಳ್ಳಿ. ಬಟಾಣಿ ಪ್ರೊಟೀನಿನಿಂದ ಬರ್ಗರ್ ಮಾಡುವ ಅಮೆರಿಕದ ಬಿಯಾಂಡ್ ಮೀಟ್ ಕಂಪೆನಿ 2019ರ ಮೇ ತಿಂಗಳಲ್ಲಿ 25 ಡಾಲರಿಗೆ ಒಂದರಂತೆ ಶೇರು ಮಾರಿತು. ಮೂರೇ ತಿಂಗಳಲ್ಲಿ, ಅದೇ ಜುಲೈಯಲ್ಲಿ ಅದು 230 ಡಾಲರ್ ದಾಟಿತು. 2025ರ ಅಕ್ಟೋಬರಿನಲ್ಲಿ ಅದೇ ಶೇರು ಒಂದು ಡಾಲರಿಗಿಂತ ಕೆಳಗೆ ಬಂತು. ಒಮ್ಮೆ ರುಚಿ ನೋಡಿದವರೆಲ್ಲ ಮತ್ತೆ ಕೊಳ್ಳಲಿಲ್ಲ, ಬೆಲೆ ಮಾಂಸಕ್ಕಿಂತ ಹೆಚ್ಚಿತ್ತು.

ಹಲಸಿಗೂ ಹೊರಗಿನ ಹಣ ಬಂದಿದೆ. ದಕ್ಷಿಣ ಭಾರತಕ್ಕೆ ಬಂದಾಗ ಹಲಸು ಕಂಡು ಬೆರಗಾದ ಅಮೆರಿಕದ ಆನಿ ರ್‍ಯೂ ಕಟ್ಟಿದ ಕಂಪೆನಿಗೆ 2021ರಲ್ಲಿ 2.3 ಕೋಟಿ ಡಾಲರ್ ಬಂಡವಾಳ ಸಿಕ್ಕಿತು. ಅಷ್ಟು ದೊಡ್ಡ ಹಣ ಕಳೆದುಕೊಳ್ಳುವ ತಾಕತ್ತು ಇರುವವರು ಬೇರೆ, ಚಿನ್ನ ಅಡವಿಟ್ಟು ಶೆಡ್ ಹಾಕುವ ನಾವು ಬೇರೆ. ದೊಡ್ಡವರು ಬ್ರಾಂಡ್ ಕಟ್ಟುತ್ತಾರೆ. ಬ್ರಾಂಡ್ ಯಾವುದೇ ಗೆಲ್ಲಲಿ, ಸೋಲಲಿ, ಸಿಪ್ಪೆ ತೆಗೆದು ತುಂಡು ಮಾಡಿದ ಒಳ್ಳೆಯ ಗುಜ್ಜೆ ಎಲ್ಲರಿಗೂ ಬೇಕು. ನಮ್ಮ ಜಾಗ ಅಲ್ಲಿದೆ.

ಮೆಟ್ಟಿಲು ಒಂದೊಂದೇ

ಗುಜ್ಜೆ ವ್ಯವಹಾರಕ್ಕೆ ನಾಲ್ಕು ಮೆಟ್ಟಿಲು.

ಮೊದಲನೆಯದು ಇಡೀ ಗುಜ್ಜೆ ಮಾರುವುದು. ಬಂಡವಾಳ ಬೇಡ, ಆದರೆ ಬೆಲೆ ಹೇಳುವವನು ಲಾರಿಯವನು. ಮರ ಹತ್ತುವ ಕೂಲಿ ಕಳೆದರೆ ಕೈಗೆ ಬರುವುದು ಅಲ್ಪ.

ಎರಡನೆಯದು ಸಿಪ್ಪೆ, ಗೂಂಜು ತೆಗೆದು ತುಂಡು ಮಾಡಿ ಕೊಡುವುದು. ಪೇಟೆಯ ಮನೆಗಳಲ್ಲಿ ಗುಜ್ಜೆ ಬೇಡ ಅನ್ನುವುದಕ್ಕೆ ದೊಡ್ಡ ಕಾರಣ ಮೇಣ. ಕೈಗೆ ಎಣ್ಣೆ ಹಚ್ಚಿ ಕತ್ತಿ ಹಿಡಿದು ಕೂರುವ ಪುರುಸೊತ್ತು ಯಾರಿಗಿದೆ? ಆ ಕೆಲಸ ನಾವು ಮಾಡಿಕೊಟ್ಟರೆ ಅದಕ್ಕೇ ಬೆಲೆ. ಆದರೆ ಕತ್ತರಿಸಿದ ಗುಜ್ಜೆ ಗಾಳಿ ತಾಗಿದ ಕೂಡಲೇ ಕಪ್ಪಾಗುತ್ತದೆ. ಲಿಂಬೆ ಆಮ್ಲದ ನೀರಿನಲ್ಲಿ ಅದ್ದಿ, ಬಿಸಿ ನೀರಿನಲ್ಲಿ ಕೊಂಚ ಹೊತ್ತು ಬೇಯಿಸಿ ತಣಿಸಿ, ಗಾಳಿ ತೆಗೆದ ಪೊಟ್ಟಣಕ್ಕೆ ತುಂಬಿ ಫ್ರಿಜ್ಜಿನಲ್ಲಿಡಬೇಕು. ಮೈನಸ್ 18 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿದರೆ ತಿಂಗಳುಗಟ್ಟಲೆ ಉಳಿಯುತ್ತದೆ. ಬೇಕಾದದ್ದು ಶುಚಿಯಾದ ಶೆಡ್, ಸ್ಟೀಲ್ ಮೇಜು, ಒಳ್ಳೆಯ ನೀರು, ಫ್ರೀಜರ್, ಮತ್ತು ಕೈಕೊಡದ ಕರೆಂಟು. ಹೋಟೆಲು, ಕ್ಯಾಟರಿಂಗ್‌ನವರು ಮೊದಲ ಗಿರಾಕಿಗಳು. ಮಂಗಳೂರು ನಮ್ಮಿಂದ ಎಷ್ಟು ದೂರ ಹೇಳಿ?

ಮೂರನೆಯದು ಫ್ರಿಜ್ ಬೇಡದ, ಕಪಾಟಿನಲ್ಲೇ ಇಡಬಹುದಾದ ಡಬ್ಬಿ ಅಥವಾ ರಿಟಾರ್ಟ್ ಪೊಟ್ಟಣ. ರಫ್ತಿನವರು ಕೇಳುವುದು ಇದನ್ನು. ಬಂಡವಾಳ ಇಲ್ಲಿ ಒಮ್ಮೆಗೇ ಏರುತ್ತದೆ.

ನಾಲ್ಕನೆಯದು ಕಟ್ಲೆಟ್, ಪ್ಯಾಟಿ, ಕಬಾಬಿನಂತಹ ಸಿದ್ಧ ತಿನಿಸು. ಲಾಭದ ಅಂತರ ಇಲ್ಲಿ ದೊಡ್ಡದು ಅನ್ನುವುದು ನಿಜ. ಜಾಹೀರಾತು, ಅಂಗಡಿಯ ಕಮಿಷನ್, ಮಾರಾಟವಾಗದೆ ವಾಪಸು ಬರುವ ಮಾಲು ಇವುಗಳ ಖರ್ಚೂ ಅಷ್ಟೇ ದೊಡ್ಡದು.

ಹೊಸಬರು ಹೆಚ್ಚಾಗಿ ಎಡವುವುದು ನಾಲ್ಕನೇ ಮೆಟ್ಟಿಲಿಗೆ ನೇರ ಹಾರಿದಾಗ. ಎರಡನೆಯದರಲ್ಲಿ ಒಂದೆರಡು ಹಂಗಾಮು ನಿಂತು ಗಿರಾಕಿ ಹಿಡಿದುಕೊಂಡು ಆಮೇಲೆ ಮೇಲೆ ಹೋಗುವುದು ಕ್ಷೇಮ.

ಆ 121 ಡಿಗ್ರಿ ಮರೆಯಬೇಡಿ

ನಮ್ಮಲ್ಲಿ ಸೊಳೆಯನ್ನು ಉಪ್ಪಿಗೆ ಹಾಕಿ ಮಳೆಗಾಲಕ್ಕೆ ಇಡುವ ರೂಢಿ ಹಿಂದಿನಿಂದ ಇದೆ. ಉಪ್ಪುಸೊಳೆ ಗೊತ್ತಿರುವವರಿಗೆ ಡಬ್ಬಿಯಲ್ಲಿ ತುಂಬುವುದೇನು ಮಹಾ ಅನ್ನಿಸಬಹುದು. ಹಾಗಲ್ಲ. ಉಪ್ಪುಸೊಳೆಯನ್ನು ಕಾಪಾಡುವುದು ವಿಪರೀತ ಉಪ್ಪು. ಉಪ್ಪು ಕಡಿಮೆ ಮಾಡಿ, ಗಾಳಿಯಾಡದ ಪೊಟ್ಟಣದಲ್ಲಿ ಹುಳಿಯಿಲ್ಲದ ತರಕಾರಿ ತುಂಬಿ ಹೊರಗಿಟ್ಟರೆ ಬಾಟುಲಿಸಂ ಎಂಬ ಜೀವಕ್ಕೇ ಅಪಾಯ ತರುವ ಕಾಯಿಲೆಯ ವಿಷ ಹುಟ್ಟುವ ಸಾಧ್ಯತೆ ಇದೆ. ಬರೀ ಕುದಿಸಿದರೆ ಆ ರೋಗಾಣುವಿನ ಬೀಜಕಣ ಸಾಯುವುದಿಲ್ಲ. ಅದಕ್ಕೇ ರಿಟಾರ್ಟ್ ಯಂತ್ರದಲ್ಲಿ ಒತ್ತಡ ಕೊಟ್ಟು 121 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಲ್ಲಿ ಲೆಕ್ಕ ಹಾಕಿದಷ್ಟು ಹೊತ್ತು ಇಡುವುದು. ಇಲ್ಲವೇ ಲಿಂಬೆ ಆಮ್ಲ ಸೇರಿಸಿ ಪಿ.ಎಚ್. 4.6ಕ್ಕಿಂತ ಕೆಳಗೆ ತಂದು ಬಿಸಿ ಮಾಡಿ ತುಂಬುವುದು.

ಇದು ಮನೆಯ ಕುಕ್ಕರಿನಲ್ಲಿ ಅಂದಾಜಿನ ಮೇಲೆ ಮಾಡುವ ಕೆಲಸವಲ್ಲ ಮಾರಾಯ್ರೆ. ಆಹಾರ ತಂತ್ರಜ್ಞರು ನಿಮ್ಮದೇ ಪೊಟ್ಟಣದ ಅಳತೆಗೆ ಬಿಸಿಯ ಹೊತ್ತು ಗೊತ್ತುಮಾಡಿ ಕೊಡಬೇಕು. ಒಬ್ಬ ಗಿರಾಕಿಗೆ ಹೆಚ್ಚುಕಮ್ಮಿ ಆದರೆ ಘಟಕ ಮಾತ್ರವಲ್ಲ, ಊರಿನ ಹೆಸರೂ ಹೋಗುತ್ತದೆ. 'ವೀಗನ್' ಎಂದು ಮುದ್ರಿಸಿ ಮಾರುವುದಾದರೆ 2022ರ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಅನುಮತಿ ಬೇಕು ಎನ್ನುವುದೂ ತಿಳಿದಿರಲಿ.

ಸಾಲ, ಸಹಾಯಧನ

ಸಣ್ಣ ಆಹಾರ ಘಟಕಗಳಿಗಾಗಿ ಕೇಂದ್ರ ಸರಕಾರ 2020ರ ಜೂನ್ 29ರಂದು ಪಿ.ಎಂ.ಎಫ್.ಎಂ.ಇ. ಯೋಜನೆ ಆರಂಭಿಸಿತು. ಯೋಜನಾ ವೆಚ್ಚದ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂ. ಸಹಾಯಧನ. ಅರ್ಜಿದಾರರ ಸ್ವಂತ ಹಣ ಕನಿಷ್ಠ ಶೇ. 10. ಸ್ವಸಹಾಯ ಸಂಘದ ಸದಸ್ಯರಿಗೆ ತಲಾ 40,000 ರೂ. ತನಕ ಆರಂಭಿಕ ನಿಧಿಗೂ ಅವಕಾಶ ಇಡಲಾಯಿತು. ಯೋಜನೆಯ ಅವಧಿಯನ್ನು 2025-26ರ ಆರ್ಥಿಕ ವರ್ಷದ ತನಕ ವಿಸ್ತರಿಸಲಾಗಿತ್ತು. ಹೊಸ ಅರ್ಜಿ ಹಾಕುವವರು ಈಗ ಯಾವ ಯೋಜನೆಯಡಿ ಹಾಕಬೇಕೆಂದು ಮೊದಲು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸುವುದು ಒಳ್ಳೆಯದು.

ಸಹಾಯಧನದ ಒಳಗುಟ್ಟು ಹಲವರಿಗೆ ಗೊತ್ತಿರುವುದಿಲ್ಲ. ಉದಾಹರಣೆಗೆ 20 ಲಕ್ಷ ರೂ.ಗಳ ಘಟಕ ಎಂದುಕೊಳ್ಳಿ. ಸ್ವಂತ ಹಣ 2 ಲಕ್ಷ, ಬ್ಯಾಂಕ್ ಸಾಲ 18 ಲಕ್ಷ, ಸಹಾಯಧನ 7 ಲಕ್ಷ. ಆದರೆ ಆ 7 ಲಕ್ಷ ಕೈಗೆ ಬರುವುದಿಲ್ಲ. ಅದು ಬ್ಯಾಂಕಿನಲ್ಲೇ ನಿಂತು, ಮೂರು ವರ್ಷ ಘಟಕ ನಡೆದು ಸಾಲದ ಕಂತು ಸರಿಯಾಗಿ ಕಟ್ಟಿದ್ದರೆ ಮಾತ್ರ ಸಾಲಕ್ಕೆ ಹೊಂದಿಕೆಯಾಗುತ್ತದೆ. ನಡುವೆ ಬಾಗಿಲು ಹಾಕಿದರೆ 18 ಲಕ್ಷವೂ ನಿಮ್ಮ ತಲೆ ಮೇಲೆ.

ಗಡಿನಾಡಿನ ನಮಗೆ ಇನ್ನೊಂದು ತೊಡಕು ಕಾಗದದ್ದು. ಅರ್ಜಿ, ಸಾಲಪತ್ರ, ಖರೀದಿ ಕರಾರು ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತದೆ. ಕನ್ನಡ ಶಾಲೆಯಲ್ಲಿ ಕಲಿತ ಹಿರಿಯರು, ಅದರಲ್ಲೂ ಸಂಘದ ಹೆಂಗಸರು, 'ಎಲ್ಲಿ ಸಹಿ ಹಾಕಬೇಕು' ಎಂದಷ್ಟೇ ಕೇಳಿ ಸಹಿ ಹಾಕಿ ಬರುವುದುಂಟು. ಹಾಗೆ ಮಾಡಬೇಡಿ. ಪ್ರತಿ ಸಾಲು ಕನ್ನಡದಲ್ಲಿ ಹೇಳಿಸಿಕೊಳ್ಳಿ, ಮನೆಯ ಮಕ್ಕಳಿಂದಾದರೂ ಓದಿಸಿ. ಮಾಲು ತಿರಸ್ಕರಿಸುವ ಹಕ್ಕು ಯಾರದು, ಹಣ ಎಷ್ಟು ದಿನದಲ್ಲಿ ಬರುತ್ತದೆ ಎಂಬ ಎರಡು ಸಾಲು ಎಲ್ಲಿದೆ ಎಂದು ಬೆರಳಿಟ್ಟು ಕೇಳಿ.

ನೂರು ದಿನದ ಹಂಗಾಮು

ಗುಜ್ಜೆ ಸಿಗುವುದು ಮುಖ್ಯವಾಗಿ ಜನವರಿಯಿಂದ ಮಾರ್ಚ್ ತನಕ. ಎಳೆದರೆ ಎಪ್ರಿಲ್. ಯಂತ್ರ ಓಡುವುದು ಹೆಚ್ಚೆಂದರೆ ನೂರು ದಿನ, ಬಡ್ಡಿ ಓಡುವುದು 365 ದಿನ. ಈ ಒಂದು ಲೆಕ್ಕ ಮರೆತರೆ ಘಟಕ ನಷ್ಟಕ್ಕೆ ಬೀಳುವುದು ಖಂಡಿತ.

ಪರಿಹಾರ ಇಲ್ಲವೆಂದಲ್ಲ. ಎಪ್ರಿಲ್, ಮೇಯಲ್ಲಿ ಬೆಳೆದ ಸೊಳೆ, ಹಪ್ಪಳ, ಹುಡಿ. ಹಣ್ಣಿನ ಕಾಲಕ್ಕೆ ಬೇಳೆ. ಉಳಿದ ತಿಂಗಳುಗಳಲ್ಲಿ ಅದೇ ಡ್ರೈಯರ್‌ನಲ್ಲಿ ಬಾಳೆಕಾಯಿ ಹುಡಿ ಮಾಡಬಹುದು. 2021ರಲ್ಲಿ 'ಬಾಕಾಹು' ಎಂಬ ಹೆಸರಿನಲ್ಲಿ ಕರಾವಳಿ, ಮಲೆನಾಡಿನ ಮನೆ ಮನೆಗಳಲ್ಲಿ ಅದು ಹಬ್ಬಿದ್ದನ್ನು ಓದುಗರು ಮರೆತಿರಲಾರರು. ರಿಟಾರ್ಟ್ ಯಂತ್ರ ಇದ್ದರೆ ಕೆಸುವಿನ ಪತ್ರೊಡೆ, ಕಡ್ಲೆ ಗಸಿಯಂತಹ ಅಡುಗೆಗೂ ಬಳಸಬಹುದು. ಹತ್ತು ಸಂಘಗಳು ಹತ್ತು ಸಣ್ಣ ಯಂತ್ರ ಕೊಳ್ಳುವ ಬದಲು ಪಂಚಾಯತಿಗೊಂದು ಸಾಮಾನ್ಯ ಘಟಕ ಇಟ್ಟು, ತುಂಡು ಮಾಡುವ ಕೆಲಸವನ್ನು ಕುಟುಂಬಶ್ರೀ ಘಟಕಗಳಿಗೆ ಹಂಚಿದರೆ ಬಡ್ಡಿಯ ಹೊರೆಯೂ ಹಂಚಿಹೋಗುತ್ತದೆ.

ಮರ ಉಳಿದರೆ ಮಾತ್ರ

ಪರಿಸರದ ಮಾತು ಬಂದಾಗಲೂ ಅತಿ ಮಾಡಬಾರದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ 2023ರ ವರದಿಯ ಪ್ರಕಾರ ಮಾನವನಿಂದಾಗುವ ಹಸಿರುಮನೆ ಅನಿಲದಲ್ಲಿ ಜಾನುವಾರು ಸಾಕಣೆಯ ಪಾಲು ಸುಮಾರು ಶೇ. 12. ಅದರಲ್ಲಿ ದೊಡ್ಡ ಪಾಲು ದನಗಳದ್ದು, ಕೋಳಿಯದ್ದು ಕಡಿಮೆ. ಹಾಗಾಗಿ ಕೋಳಿ ಸಾರಿಗೆ ಗುಜ್ಜೆ ಸೇರಿಸಿದ ಕೂಡಲೇ ಭೂಮಿ ತಂಪಾಗದು. ಆದರೆ ಕೋಳಿಗೆ ಮೆಕ್ಕೆಜೋಳ, ಸೋಯಾ ಹಿಂಡಿ ಹೊರಗಿನಿಂದ ಬರಬೇಕು. ಹಲಸಿಗೆ ನಮ್ಮ ಮಣ್ಣಿನಲ್ಲಿ ನೀರೂ ಬೇಡ, ಗೊಬ್ಬರವೂ ಬೇಡ, ಮದ್ದು ಸಿಂಪಡಿಸುವುದು ಬೇಡವೇ ಬೇಡ. ಎಂಡೋಸಲ್ಫಾನ್ ಏನೆಂದು ಮೈಮೇಲೆ ಕಂಡ ಈ ಜಿಲ್ಲೆಗೆ ಮದ್ದಿಲ್ಲದ ಬೆಳೆಯ ಬೆಲೆ ಬೇರೆಯವರು ಹೇಳಿಕೊಡಬೇಕಿಲ್ಲ.

ಗುಜ್ಜೆ ಕೊಯ್ಯುವುದರಿಂದ ಮರಕ್ಕೂ ನಷ್ಟವಿಲ್ಲ. ಒತ್ತೊತ್ತಾಗಿ ಹಿಡಿದ ಕಾಯಿಗಳಲ್ಲಿ ಕೆಲವನ್ನು ಎಳತರಲ್ಲೇ ತೆಗೆದರೆ ಉಳಿದವು ಚೆನ್ನಾಗಿ ಬೆಳೆಯುತ್ತವೆ. ಮಳೆಗೆ ಮೊದಲೇ ಒಂದು ಆದಾಯ, ಆಮೇಲೆ ಹಣ್ಣಿನದ್ದು ಇನ್ನೊಂದು. ಆದರೆ ಕೊಯ್ಯುವವರು ಬೇಕಲ್ಲ? ಎತ್ತರದ ಹಳೇ ಮರಕ್ಕೆ ಉದ್ದದ ದೋಟಿ, ಬಲೆ, ಏಣಿ. ಹೊಸತು ನೆಡುವವರು ಕಸಿ ಗಿಡ ನೆಟ್ಟು, ತಲೆ ಕತ್ತರಿಸಿ ಕೈಗೆಟಕುವ ಎತ್ತರದಲ್ಲಿ ಇಟ್ಟುಕೊಂಡರೆ ಮುಂದಿನ ತಲೆಮಾರಿಗೆ ಮರ ಹತ್ತುವ ಚಿಂತೆ ಇಲ್ಲ. ನಿಜ ಹೇಳಬೇಕೆಂದರೆ, ಹಲಸಿನಲ್ಲಿ ಮೊದಲ ಬಂಡವಾಳ ಯಂತ್ರಕ್ಕಲ್ಲ, ದೋಟಿಗೆ ಮತ್ತು ಕಸಿ ಗಿಡಕ್ಕೆ.

ಹಣ ಹಾಕುವ ಮುನ್ನ

• ನಿಮ್ಮ ಮನೆಯಿಂದ ಹತ್ತು ಕಿ.ಮೀ. ಒಳಗೆ ಫಲ ಕೊಡುವ ಮರ ಎಷ್ಟಿದೆ, ಗುಜ್ಜೆ ಯಾವ ವಾರ ಸಿಗುತ್ತದೆ ಎಂದು ಒಂದು ಹಂಗಾಮು ಬರೆದಿಡಿ.

• ಸಿಪ್ಪೆ, ಗೂಂಜು, ಮೇಣ ಕಳೆದು ಹತ್ತು ಕಿಲೋದಲ್ಲಿ ಎಷ್ಟು ಉಳಿಯುತ್ತದೆ ಎಂದು ನೀವೇ ತೂಗಿ ನೋಡಿ. ಬೆಲೆ ಹೇಳುವುದು ಆಮೇಲೆ.

• ಯಂತ್ರ ಕೊಳ್ಳುವ ಮೊದಲು ಬಾಯಿಮಾತಿನದ್ದಲ್ಲದ, ಕಾಗದದ ಮೇಲಿನ ಗಿರಾಕಿ ಕನಿಷ್ಠ ಇಬ್ಬರು ಇರಲಿ.

• ಉಳಿದ ಒಂಬತ್ತು ತಿಂಗಳು ಅದೇ ಶೆಡ್‌ನಲ್ಲಿ ಏನು ಮಾಡುತ್ತೀರಿ ಎಂಬುದಕ್ಕೆ ಉತ್ತರ ಇಲ್ಲದಿದ್ದರೆ ಸಾಲ ಬೇಡ.

• ಸಿಪ್ಪೆಯನ್ನು ದನಕ್ಕೋ ಗೊಬ್ಬರಕ್ಕೋ ಕೊಡುವ ವ್ಯವಸ್ಥೆ ಮೊದಲೇ ಮಾಡಿ. ರಾಶಿ ಬಿದ್ದರೆ ನೊಣ, ವಾಸನೆ, ನೆರೆಕರೆಯವರ ದೂರು.

• ಲೇಬಲ್ ಮೇಲೆ ಇದ್ದದ್ದನ್ನೇ ಬರೆಯಿರಿ. 'ಮಾಂಸಕ್ಕೆ ಸಮ' ಎನ್ನುವುದು ಬೇಡ. 'ಅರ್ಧ ಗುಜ್ಜೆ, ಅರ್ಧ ಕಡ್ಲೆ' ಎಂದರೆ ಸಾಕು, ಗಿರಾಕಿ ಅದಕ್ಕೇ ಬರುತ್ತಾನೆ.